ಯಾವ ದೇಶದ ಜೆರ್ಸಿ? ವಲಸಿಗರ ಮಕ್ಕಳು ಮತ್ತು ರಾಷ್ಟ್ರೀಯ ಫುಟ್‌ಬಾಲ್ ತಂಡದ ಆಯ್ಕೆ

2022ರ ಡಿಸೆಂಬರ್ 6. ಕತಾರ್‌ನ ಎಜುಕೇಶನ್ ಸಿಟಿ ಕ್ರೀಡಾಂಗಣದಲ್ಲಿ ಸ್ಪೇನ್ ಮತ್ತು ಮೊರಾಕೊ ನಡುವಣ ವಿಶ್ವಕಪ್ ನಾಕೌಟ್ ಪಂದ್ಯ 120 ನಿಮಿಷ ಕಳೆದರೂ ಗೋಲಿಲ್ಲದೆ ಪೆನಾಲ್ಟಿ ಶೂಟೌಟ್‌ಗೆ ಹೋಗಿತ್ತು. ಸ್ಪೇನ್ ಪರ ಒದೆಯಲು ಬಂದ ಮೂವರೂ ವಿಫಲರಾದರು. ಮೊರಾಕೊ ಪರ ನಿರ್ಣಾಯಕ ಒದೆತಕ್ಕೆ ಬಂದವರು ಅಶ್ರಫ್ ಹಕಿಮಿ. ಗೋಲ್‌ಕೀಪರ್ ಒಂದು ಬದಿಗೆ ಜಿಗಿದಾಗ ಹಕಿಮಿ ಚೆಂಡನ್ನು ಗೋಲಿನ ನಟ್ಟನಡುವೆ ಮೆಲ್ಲಗೆ ಎತ್ತಿ ಹಾಕಿದರು. ಆ ಒಂದು ಒದೆತಕ್ಕೆ ಟೂರ್ನಿಯಿಂದ ಹೊರಬಿದ್ದದ್ದು ಅವರು ಹುಟ್ಟಿದ ದೇಶ. ಹಕಿಮಿ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ, ಆಟ ಕಲಿತದ್ದು ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಅಕಾಡೆಮಿಯಲ್ಲಿ. ಮೊರಾಕೊದಿಂದ ವಲಸೆ ಬಂದ ತಾಯಿ ಅಲ್ಲಿ ಮನೆಗೆಲಸ ಮಾಡುತ್ತಿದ್ದರು. ತಂದೆ ಬೀದಿ ವ್ಯಾಪಾರಿ.

ಎರಡು ವರ್ಷದ ನಂತರ, 2024ರ ಯೂರೊ ಕಪ್‌ನಲ್ಲಿ, ಸ್ಪೇನ್ ಚಾಂಪಿಯನ್ ಆಗುವುದಕ್ಕೆ ಮುಖ್ಯ ಕಾರಣರಲ್ಲೊಬ್ಬ ಲಮೀನ್ ಯಮಾಲ್ ಎಂಬ ಹುಡುಗ. ಅವನ ತಂದೆ ಮೊರಾಕೊದವರು, ತಾಯಿ ಈಕ್ವಟೋರಿಯಲ್ ಗಿನಿಯವರು. ಗೋಲು ಹೊಡೆದಾಗ ಆತ ಬೆರಳಲ್ಲಿ ತೋರಿಸುವ 304 ಎಂಬ ಸಂಖ್ಯೆ ಮತಾರೊ ಪಟ್ಟಣದಲ್ಲಿರುವ, ವಲಸಿಗರೇ ತುಂಬಿರುವ ರೊಕಫೊಂಡಾ ಬಡಾವಣೆಯ ಪಿನ್‌ಕೋಡಿನ ಕೊನೆಯ ಮೂರು ಅಂಕಿ. ಮೊರಾಕೊ ಕರೆದಿತ್ತು, ಆತ ಸ್ಪೇನ್ ಆರಿಸಿಕೊಂಡ.

ಇಬ್ಬರೂ ವಲಸಿಗರ ಮಕ್ಕಳು, ಇಬ್ಬರಿಗೂ ಎರಡು ದಾರಿ ತೆರೆದಿತ್ತು, ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಯಾರ ನಿರ್ಧಾರ ಸರಿ? ಆಟಗಾರನ ಮೇಲೆ ಹಕ್ಕು ಯಾರದು: ಹೆತ್ತವರ ನೆಲದ್ದೋ, ಆಟ ಕಲಿಸಿದ ನೆಲದ್ದೋ, ಅಥವಾ ಅವನದೇ ಮನಸ್ಸಿನದೋ? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ, ಒಂದಕ್ಕೊಂದು ಎದುರಾದ ನಾಲ್ಕು ಬಗೆಯ ಉತ್ತರಗಳಿವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಿಯಮವಿಲ್ಲದ ಕಾಲ

ಇದು ಜಾಗತೀಕರಣ ತಂದ ಹೊಸ ಸಮಸ್ಯೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. 1930ರ ಮೊದಲ ವಿಶ್ವಕಪ್ ಫೈನಲ್‌ನಲ್ಲಿ ಲೂಯಿಸ್ ಮೊಂಟಿ ಅರ್ಜೆಂಟೀನಾ ಪರ ಆಡಿ ಸೋತರು. 1934ರ ಫೈನಲ್‌ನಲ್ಲಿ ಇಟಲಿ ಪರ ಆಡಿ ಗೆದ್ದರು. ಎರಡು ದೇಶಗಳ ಪರ ವಿಶ್ವಕಪ್ ಫೈನಲ್ ಆಡಿದ ಏಕೈಕ ಆಟಗಾರ ಅವರು. ಅದೇ ಫೈನಲ್‌ನಲ್ಲಿ ಇಟಲಿಗೆ ಸಮಬಲದ ಗೋಲು ತಂದುಕೊಟ್ಟ ರೈಮುಂಡೊ ಓರ್ಸಿ 1928ರ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾ ಪರ ಬೆಳ್ಳಿ ಗೆದ್ದವರು. ದಕ್ಷಿಣ ಅಮೆರಿಕಕ್ಕೆ ವಲಸೆ ಹೋದ ಇಟಾಲಿಯನ್ನರ ಮಕ್ಕಳು ಇಟಾಲಿಯನ್ನರೇ ಎಂಬುದು ಮುಸೊಲಿನಿ ಸರ್ಕಾರದ ನಿಲುವು. ಇಟಲಿಗಾಗಿ ಸಾಯಬಲ್ಲವರು ಇಟಲಿಗಾಗಿ ಆಡಲೂಬಹುದು ಎಂದು ತಂಡದ ಕೋಚ್ ವಿಟೋರಿಯೊ ಪೊಜ್ಜೊ ಸಮರ್ಥಿಸಿಕೊಂಡಿದ್ದರು. ಆದರೆ ಮರುವರ್ಷ ಅಬಿಸೀನಿಯಾ ಯುದ್ಧದ ತಯಾರಿ ಶುರುವಾದಾಗ ಅದೇ ತಂಡದ ಎನ್ರಿಕೆ ಗುವಾಯಿತಾ, ಕಡ್ಡಾಯ ಸೇನಾ ಸೇವೆಗೆ ಅಂಜಿ, ಗಡಿ ದಾಟಿ ಹೊರಟುಹೋದರು. ರಕ್ತ ಸಂಬಂಧದ ಹೆಸರಿನಲ್ಲಿ ಕರೆತಂದ ದೇಶವೂ ಆ ಕರೆಗೆ ಓಗೊಟ್ಟ ಆಟಗಾರನೂ ಆ ಸಂಬಂಧವನ್ನು ಬೇರೆ ಬೇರೆ ತೂಕದಲ್ಲಿ ಅಳೆದಿದ್ದರು ಎಂಬುದು ಅಂದೇ ಬಯಲಾಗಿತ್ತು.

ಮುಂದಿನ ಮೂರು ದಶಕಗಳಲ್ಲಿ ಇಂಥ ಉದಾಹರಣೆಗಳು ಸಾಲುಗಟ್ಟಿದವು. ಆಲ್ಫ್ರೆಡೊ ಡಿ ಸ್ಟೆಫಾನೊ ಅರ್ಜೆಂಟೀನಾ ಪರವೂ ಸ್ಪೇನ್ ಪರವೂ ಆಡಿದರು. ಲಾಡಿಸ್ಲಾವ್ ಕುಬಾಲಾ ಚೆಕೊಸ್ಲೊವಾಕಿಯಾ, ಹಂಗೆರಿ, ಸ್ಪೇನ್ ಹೀಗೆ ಮೂರು ದೇಶಗಳ ಜೆರ್ಸಿ ತೊಟ್ಟರು. ಹಂಗೆರಿಗೆ 85 ಪಂದ್ಯ ಆಡಿದ್ದ ಫೆರೆಂಕ್ ಪುಷ್ಕಾಶ್, 1956ರ ದಂಗೆಯ ನಂತರ ದೇಶಕ್ಕೆ ಮರಳದೆ, 1962ರ ವಿಶ್ವಕಪ್‌ನಲ್ಲಿ ಸ್ಪೇನ್ ಪರ ಕಣಕ್ಕಿಳಿದರು. ಅದೇ ಟೂರ್ನಿಯಲ್ಲಿ ಇಟಲಿ ಪರ ಆಡಿದ ಜೋಸೆ ಅಲ್ಟಾಫಿನಿ ನಾಲ್ಕು ವರ್ಷ ಮೊದಲು ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದಲ್ಲಿದ್ದವರು. ಆ ಟೂರ್ನಿ ಮುಗಿದ ಮೇಲೆ ಫಿಫಾ ಬಾಗಿಲು ಮುಚ್ಚಿತು: ಒಮ್ಮೆ ಒಂದು ದೇಶಕ್ಕೆ ಆಡಿದವರು ಇನ್ನೊಂದಕ್ಕೆ ಆಡುವಂತಿಲ್ಲ.

ನೆದರ್ಲೆಂಡ್ಸ್‌ನ ರೋಟರ್‌ಡಾಮ್‌ನಲ್ಲಿರುವ ಎರಾಸ್ಮಸ್ ವಿಶ್ವವಿದ್ಯಾಲಯದ ಖೈಸ್‌ಬರ್ಟ್ ಓಂಕ್, ಖೈಸ್ ವಾನ್ ಕಾಂಪನ್‌ಹೌಟ್ ಮತ್ತಿತರ ಸಂಶೋಧಕರು 1930ರಿಂದೀಚಿನ ವಿಶ್ವಕಪ್ ತಂಡಗಳನ್ನು ಪರಿಶೀಲಿಸಿ ತೋರಿಸಿದ್ದೂ ಇದನ್ನೇ. ವಿದೇಶದಲ್ಲಿ ಹುಟ್ಟಿದ ಆಟಗಾರರ ಪಾಲು ಏರುತ್ತಲೇ ಹೋಗಿಲ್ಲ. ವಲಸೆಯ ದಾರಿಗಳು, ವಸಾಹತು ಸಂಬಂಧಗಳು ಮತ್ತು ನಿಯಮಗಳು ಬದಲಾದಂತೆ ಅದು ಏರಿಳಿದಿದೆ. 2022ರ ವಿಶ್ವಕಪ್‌ನಲ್ಲಿದ್ದ ಸುಮಾರು 830 ಆಟಗಾರರಲ್ಲಿ 130ಕ್ಕೂ ಹೆಚ್ಚು ಮಂದಿ ತಾವು ಪ್ರತಿನಿಧಿಸಿದ ದೇಶದ ಹೊರಗೆ ಹುಟ್ಟಿದವರು.

ವಸಾಹತುಗಳಲ್ಲಿ ಆಯ್ಕೆಯೇ ಇರಲಿಲ್ಲ

ಆಯ್ಕೆಯ ಮಾತಾಡುವಾಗ ಆಯ್ಕೆಯೇ ಇಲ್ಲದಿದ್ದವರನ್ನು ಮರೆಯಬಾರದು. 1966ರ ವಿಶ್ವಕಪ್‌ನಲ್ಲಿ 9 ಗೋಲು ಹೊಡೆದು ಪೋರ್ಚುಗಲ್ಲಿಗೆ ಮೂರನೆಯ ಸ್ಥಾನ ತಂದುಕೊಟ್ಟ ಯುಸೇಬಿಯೊ ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ. ಆ ದೇಶ ಸ್ವತಂತ್ರವಾದದ್ದು 1975ರಲ್ಲಿ. ಯುಸೇಬಿಯೊ ಆಡುವ ಕಾಲಕ್ಕೆ ಮೊಜಾಂಬಿಕ್‌ಗೆ ತನ್ನದೇ ಆದ ತಂಡವೇ ಇರಲಿಲ್ಲ.

ಅಲ್ಜೀರಿಯದ ಆಟಗಾರರು ಇಲ್ಲದ ಆಯ್ಕೆಯನ್ನು ತಾವೇ ಸೃಷ್ಟಿಸಿಕೊಂಡರು. 1958ರ ಏಪ್ರಿಲ್‌ನಲ್ಲಿ, ಸ್ವೀಡನ್ ವಿಶ್ವಕಪ್‌ಗೆ ಎರಡು ತಿಂಗಳಿರುವಾಗ, ಫ್ರಾನ್ಸ್‌ನ ಕ್ಲಬ್‌ಗಳಲ್ಲಿ ಆಡುತ್ತಿದ್ದ ಅಲ್ಜೀರಿಯದ ಆಟಗಾರರ ಗುಂಪೊಂದು ಗುಟ್ಟಾಗಿ ದೇಶ ಬಿಟ್ಟು ಟುನಿಸ್ ಸೇರಿತು. ಅವರಲ್ಲಿ ರಶೀದ್ ಮೆಖ್ಲೂಫಿ ಮತ್ತು ಮುಸ್ತಫಾ ಜಿಟೂನಿ ಫ್ರಾನ್ಸ್‌ನ ವಿಶ್ವಕಪ್ ತಂಡ ಸೇರುವ ಹಾದಿಯಲ್ಲಿದ್ದವರು. ಅಲ್ಜೀರಿಯದ ವಿಮೋಚನಾ ರಂಗದ ಹೆಸರಿನಲ್ಲಿ ಅವರು ಕಟ್ಟಿದ ತಂಡಕ್ಕೆ ಫಿಫಾ ಮನ್ನಣೆ ಕೊಡಲಿಲ್ಲ. ಆದರೂ ನಾಲ್ಕು ವರ್ಷ ಅದು ಹಲವು ದೇಶಗಳಲ್ಲಿ ಆಡಿತು. ವಿಶ್ವಕಪ್ ಆಡುವ ಅವಕಾಶವನ್ನು ಬಿಟ್ಟು, ಇನ್ನೂ ಹುಟ್ಟದ ದೇಶವೊಂದರ ಪರ ಆಡಿದ ಇವರ ತ್ಯಾಗ ಫುಟ್‌ಬಾಲ್ ಚರಿತ್ರೆಯಲ್ಲಿ ಅಪರೂಪದ್ದು. ಮೆಖ್ಲೂಫಿ ಸ್ವಾತಂತ್ರ್ಯದ ನಂತರ ಸೇಂಟ್ ಎಟಿಯೆನ್ ಕ್ಲಬ್ಬಿಗೆ ಮರಳಿದಾಗ ಅಲ್ಲಿನ ಅಭಿಮಾನಿಗಳು ಅವರನ್ನು ಮತ್ತೆ ತಮ್ಮವರೆಂದೇ ಸ್ವೀಕರಿಸಿದರು. 1968ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಕ್ಲಬ್ಬಿನ ಎರಡೂ ಗೋಲು ಅವರವೇ.

ಫಿಫಾ ನಿಯಮಗಳು ಬದಲಾದ ಬಗೆ

1962ರ ನಂತರದ ಬಿಗಿ ನಿಯಮ ನಾಲ್ಕು ದಶಕ ಉಳಿಯಿತು. 2004ರ ಆರಂಭದಲ್ಲಿ ಮೊದಲ ಸಡಿಲಿಕೆ ಬಂತು: ಕಿರಿಯರ ತಂಡದಲ್ಲಷ್ಟೇ ಆಡಿದವರು 21 ವಯಸ್ಸಿನೊಳಗೆ ದೇಶ ಬದಲಿಸಬಹುದು. ಅದೇ ವರ್ಷ ಕತಾರ್, ತನ್ನ ನೆಲದೊಂದಿಗೆ ಯಾವ ನಂಟೂ ಇಲ್ಲದ ಬ್ರೆಜಿಲ್‌ನ ಐಲ್ಟನ್ ಮತ್ತು ಡೆಡೆ ಅವರಂಥ ಆಟಗಾರರನ್ನು ಹಣ ಕೊಟ್ಟು ಕರೆತರಲು ಹೊರಟಿತು. ಫಿಫಾ ತುರ್ತಾಗಿ ಅದನ್ನು ತಡೆಯಿತು. ಹೊಸದಾಗಿ ಪೌರತ್ವ ಪಡೆದವರಿಗೆ ಆ ದೇಶದೊಂದಿಗೆ ಸ್ಪಷ್ಟ ಸಂಬಂಧ ಇರಲೇಬೇಕು ಎಂದಿತು: ಅಲ್ಲಿ ಹುಟ್ಟಿರಬೇಕು, ಇಲ್ಲವೇ ತಂದೆ ತಾಯಿಯೋ ಅಜ್ಜ ಅಜ್ಜಿಯೋ ಅಲ್ಲಿ ಹುಟ್ಟಿರಬೇಕು, ಇಲ್ಲವೇ ತಾನೇ ಅಲ್ಲಿ ಎರಡು ವರ್ಷ ವಾಸವಿದ್ದಿರಬೇಕು. 2008ರಲ್ಲಿ ವಾಸದ ಅವಧಿ ಐದು ವರ್ಷಕ್ಕೆ ಏರಿತು.

2009ರಲ್ಲಿ ಬಹಾಮಾಸ್‌ನಲ್ಲಿ ಸೇರಿದ ಫಿಫಾ ಮಹಾಸಭೆ, ಅಲ್ಜೀರಿಯ ಮುಂದಿಟ್ಟ ಪ್ರಸ್ತಾವದಂತೆ, 21ರ ವಯೋಮಿತಿಯನ್ನು ತೆಗೆದುಹಾಕಿತು. ಪರಿಣಾಮ ಕೂಡಲೇ ಕಂಡಿತು. 2010ರ ವಿಶ್ವಕಪ್‌ಗೆ ಬಂದ ಅಲ್ಜೀರಿಯ ತಂಡದ 23 ಮಂದಿಯಲ್ಲಿ 17 ಮಂದಿ ಫ್ರಾನ್ಸ್‌ನಲ್ಲಿ ಹುಟ್ಟಿದವರು. ಅವರಲ್ಲೊಬ್ಬರಾದ ಹಸನ್ ಯೆಬ್ದಾ, 2001ರಲ್ಲಿ ಫ್ರಾನ್ಸ್‌ನ 17 ವರ್ಷದೊಳಗಿನವರ ತಂಡದಲ್ಲಿದ್ದು ಕಿರಿಯರ ವಿಶ್ವಕಪ್ ಗೆದ್ದವರು.

2020ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಇದಕ್ಕೆ ಹಿನ್ನೆಲೆಯಾದದ್ದು ಮುನೀರ್ ಅಲ್ ಹದ್ದಾದಿಯಂಥವರ ಪ್ರಕರಣ. 2014ರ ಸೆಪ್ಟೆಂಬರ್‌ನಲ್ಲಿ, 19ರ ವಯಸ್ಸಿನಲ್ಲಿ, ಮುನೀರ್ ಸ್ಪೇನ್ ಪರ ಮ್ಯಾಸಿಡೋನಿಯಾ ವಿರುದ್ಧದ ಅರ್ಹತಾ ಪಂದ್ಯದ ಕೊನೆಯ ಹದಿಮೂರು ನಿಮಿಷ ಆಡಿದ್ದರು. ಮತ್ತೆ ಸ್ಪೇನ್ ಕರೆಯಲಿಲ್ಲ. ಮೊರಾಕೊ ಕರೆದರೂ ಹೋಗುವಂತಿರಲಿಲ್ಲ. ಕ್ರೀಡಾ ನ್ಯಾಯಮಂಡಳಿಯಲ್ಲೂ ಸೋಲಾಯಿತು. ಕೊನೆಗೆ 21 ವಯಸ್ಸಿನೊಳಗೆ ಮೂರಕ್ಕಿಂತ ಹೆಚ್ಚು ಹಿರಿಯರ ಪಂದ್ಯ ಆಡಿರದ, ವಿಶ್ವಕಪ್ ಅಥವಾ ಖಂಡಮಟ್ಟದ ಅಂತಿಮ ಟೂರ್ನಿಯಲ್ಲಿ ಆಡಿರದ ಆಟಗಾರರು, ಮೂರು ವರ್ಷ ಕಳೆದ ಮೇಲೆ ದೇಶ ಬದಲಿಸಬಹುದು ಎಂದಾಯಿತು. 2021ರಲ್ಲಿ ಮುನೀರ್ ಮೊರಾಕೊ ಪರ ಆಡಿದರು. ಹದಿಮೂರು ನಿಮಿಷದ ಆಟ ಒಬ್ಬನ ಆರು ವರ್ಷಗಳನ್ನು ಕಟ್ಟಿಹಾಕಿತ್ತು.

ಮೊದಲ ವಾದ: ಬೆಳೆಸಿದ ನೆಲದ ಋಣ

ಆಟಗಾರನನ್ನು ತಯಾರು ಮಾಡಿದ ದೇಶಕ್ಕೆ ಅವನ ಮೇಲೆ ಮೊದಲ ಹಕ್ಕು ಎಂಬುದು ಒಂದು ವಾದ. ಸರ್ಕಾರಿ ಮೈದಾನ, ಶಾಲೆ, ತರಬೇತಿ ಪಡೆದ ಕೋಚ್‌ಗಳು, ಫ್ರಾನ್ಸ್‌ನಲ್ಲಿ 1988ರಿಂದ ಇರುವ ಕ್ಲೇರ್‌ಫಾಂಟೆನ್‌ನಂಥ ರಾಷ್ಟ್ರೀಯ ಕೇಂದ್ರ ಇವೆಲ್ಲ ಜನರ ದುಡ್ಡಿನಿಂದ, ಫುಟ್‌ಬಾಲ್ ಸಂಸ್ಥೆಗಳ ದುಡಿಮೆಯಿಂದ ನಡೆಯುತ್ತವೆ. 2022ರ ವಿಶ್ವಕಪ್‌ನಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ 30ಕ್ಕೂ ಹೆಚ್ಚು ಆಟಗಾರರು ಬೇರೆ ದೇಶಗಳ ಪರ ಆಡಿದರು. ಬೆಳೆಸಿದವರಿಗೆ ಇದು ನಷ್ಟವೆನಿಸಿದರೆ ತಪ್ಪೇನಿಲ್ಲ.

ಈ ವಾದಕ್ಕೆ ಫ್ರಾನ್ಸ್‌ನಲ್ಲಿ ಸೈದ್ಧಾಂತಿಕ ಬೆಂಬಲವೂ ಇದೆ. ಗಣರಾಜ್ಯದ ಮುಂದೆ ಪ್ರಜೆ ಪ್ರಜೆ ಮಾತ್ರ. ಅವನ ಮೂಲ ಅಪ್ರಸ್ತುತ ಎಂಬುದು ಅಲ್ಲಿನ ನಿಲುವು. 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ, ಗೆದ್ದದ್ದು ಆಫ್ರಿಕಾ ಎಂದು ಅಮೆರಿಕದ ಟಿ.ವಿ. ನಿರೂಪಕ ಟ್ರೆವರ್ ನೋವಾ ತಮಾಷೆಯಾಗಿ ಹೇಳಿದರು. ಫ್ರಾನ್ಸ್‌ನ ರಾಯಭಾರಿ ಜೆರಾರ್ ಅರೋ ಪತ್ರ ಬರೆದು ಆಕ್ಷೇಪಿಸಿದರು: ಈ ಆಟಗಾರರು ಫ್ರೆಂಚರು, ಅಷ್ಟೇ. ನೋವಾ ಮರುಪ್ರಶ್ನೆ ಹಾಕಿದರು: ಒಬ್ಬ ಏಕಕಾಲಕ್ಕೆ ಫ್ರೆಂಚನೂ ಆಫ್ರಿಕನನೂ ಆಗಬಾರದೇಕೆ? ಈ ಎರಡು ನಿಲುವುಗಳ ತಿಕ್ಕಾಟ ಆ ಪತ್ರದೊಂದಿಗೆ ಮುಗಿಯಲಿಲ್ಲ.

ಋಣದ ವಾದದ ಅಪಾಯ 2011ರಲ್ಲಿ ಬಹಿರಂಗವಾಯಿತು. ಎರಡು ದೇಶಗಳ ಪೌರತ್ವವಿರುವ ಹುಡುಗರಿಗೆ ತರಬೇತಿ ಕೇಂದ್ರಗಳಲ್ಲಿ ಮಿತಿ ಹಾಕುವ ಬಗ್ಗೆ ಫ್ರೆಂಚ್ ಫುಟ್‌ಬಾಲ್ ಸಂಸ್ಥೆಯ ಸಭೆಯಲ್ಲಿ ಚರ್ಚೆಯಾಗಿತ್ತು ಎಂದು ಮೀಡಿಯಾಪಾರ್ ಎಂಬ ಸುದ್ದಿ ಜಾಲತಾಣ ವರದಿ ಮಾಡಿತು. ದೊಡ್ಡ ವಿವಾದವಾಯಿತು, ತನಿಖೆ ನಡೆಯಿತು. ಮುಂದೆ ಬಿಟ್ಟುಹೋಗಬಹುದು ಎಂಬ ಅನುಮಾನದ ಮೇಲೆ ಹನ್ನೆರಡು ಹದಿಮೂರರ ಹುಡುಗನಿಗೆ ಬಾಗಿಲು ಮುಚ್ಚುವುದು ತಾರತಮ್ಯವೇ. ಋಣದ ಲೆಕ್ಕ ಹಾಕುವವರು ಇನ್ನೊಂದನ್ನೂ ಮರೆಯುತ್ತಾರೆ: ಆ ಹುಡುಗನ ತಂದೆ ತಾಯಿ ದಶಕಗಳ ಕಾಲ ಅದೇ ದೇಶದ ಕಾರ್ಖಾನೆ, ಗಣಿ, ಆಸ್ಪತ್ರೆಗಳಲ್ಲಿ ದುಡಿದು ತೆರಿಗೆ ಕಟ್ಟಿದವರು. ಆ ಮೈದಾನ ಅವರ ದುಡ್ಡಿನದೂ ಹೌದು.

ಎರಡನೆಯ ವಾದ: ಹಿರಿಯರ ನೆಲದ ಕರೆ

ಎರಡನೆಯ ವಾದ ಕುಟುಂಬದಿಂದ ಹೊರಡುತ್ತದೆ. ಮನೆಯ ಮಾತು, ಬೇಸಿಗೆ ರಜೆಗೆ ಹೋಗುವ ಊರು, ಅಜ್ಜಿಯ ಅಡುಗೆ, ಟಿ.ವಿ. ಮುಂದೆ ಅಪ್ಪ ಯಾರ ಪರ ಕೂಗುತ್ತಿದ್ದ ಎಂಬುದು, ಇವೆಲ್ಲ ಸೇರಿ ಮಗುವಿಗೆ ಒಂದು ದೇಶವನ್ನು ಕೊಡುತ್ತವೆ. ಪಾಸ್‌ಪೋರ್ಟ್ ಅದನ್ನು ಅಳಿಸಲಾರದು.

2022ರ ಮೊರಾಕೊ ತಂಡ ಈ ವಾದಕ್ಕೆ ಅತಿ ದೊಡ್ಡ ಸಾಕ್ಷಿ. ಅದರ 26 ಮಂದಿಯಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು: ಹಕಿಮಿ ಸ್ಪೇನ್‌ನಲ್ಲಿ, ಹಕೀಮ್ ಜಿಯೆಶ್ ಮತ್ತು ಸೋಫಿಯಾನ್ ಅಮ್ರಾಬತ್ ನೆದರ್ಲೆಂಡ್ಸ್‌ನಲ್ಲಿ, ಸೋಫಿಯಾನ್ ಬೂಫಾಲ್ ಫ್ರಾನ್ಸ್‌ನಲ್ಲಿ. ಕೋಚ್ ವಲೀದ್ ರೆಗ್ರಾಗಿ ಕೂಡ ಪ್ಯಾರಿಸ್ ಹತ್ತಿರ ಹುಟ್ಟಿದವರು. ಆ ತಂಡ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್, ಮೊದಲ ಅರಬ್ ತಂಡವಾಯಿತು. ಪೋರ್ಚುಗಲ್ ವಿರುದ್ಧದ ಗೆಲುವಿನ ನಂತರ ಬೂಫಾಲ್ ತಾಯಿಯ ಕೈಹಿಡಿದು ಮೈದಾನದಲ್ಲೇ ಕುಣಿದ ದೃಶ್ಯವನ್ನು ಲೋಕವೇ ನೋಡಿತು. ಇದು ತಾನಾಗಿ ಆದದ್ದಲ್ಲ. ಮೊರಾಕೊ ಫುಟ್‌ಬಾಲ್ ಸಂಸ್ಥೆ ಯುರೋಪಿನ ನಗರಗಳಲ್ಲಿ ತನ್ನ ಪ್ರತಿನಿಧಿಗಳನ್ನು ಇಟ್ಟು, ಹುಡುಗರನ್ನೂ ಅವರ ಹೆತ್ತವರನ್ನೂ ವರ್ಷಗಟ್ಟಲೆ ಮಾತಾಡಿಸಿದೆ. ಜೊತೆಗೆ ತನ್ನ ನೆಲದಲ್ಲೂ ಬಂಡವಾಳ ಹೂಡಿದೆ. ಪೋರ್ಚುಗಲ್ ವಿರುದ್ಧ ಏಕೈಕ ಗೋಲು ಹೊಡೆದ ಯೂಸುಫ್ ಅನ್ನಸೀರಿ ಸಲೆ ನಗರದ ಮೊಹಮ್ಮದ್ 6 ಅಕಾಡೆಮಿಯಲ್ಲಿ ಬೆಳೆದವರು.

ಪುಟ್ಟ ದೇಶಗಳಿಗಂತೂ ಈ ನಂಟೇ ಜೀವಾಳ. ಐದೂಕಾಲು ಲಕ್ಷದಷ್ಟು ಜನರಿರುವ ಕೇಪ್ ವರ್ಡ್, ಒಂದೂವರೆ ಲಕ್ಷದಷ್ಟು ಜನರಿರುವ ಕುರಸಾವೊ 2026ರ ವಿಶ್ವಕಪ್‌ಗೆ ಅರ್ಹತೆ ಗಳಿಸಿದ್ದು ಹೊರನಾಡ ಮಕ್ಕಳ ಬಲದಿಂದ. ಕುರಸಾವೊ ತಂಡದ ಬಹುತೇಕರು ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರು. ಕೇಪ್ ವರ್ಡ್‌ನ ಡಿಫೆಂಡರ್ ರೊಬರ್ಟೊ ಲೋಪೆಸ್ ಹುಟ್ಟಿ ಬೆಳೆದದ್ದು ಐರ್ಲೆಂಡ್‌ನ ಡಬ್ಲಿನ್‌ನಲ್ಲಿ. ಅವರನ್ನು ಕೋಚ್ ಸಂಪರ್ಕಿಸಿದ್ದು ಲಿಂಕ್ಡ್‌ಇನ್ ಮೂಲಕ. ಪೋರ್ಚುಗೀಸ್‌ನಲ್ಲಿದ್ದ ಆ ಸಂದೇಶವನ್ನು ಲೋಪೆಸ್ ಯಾವುದೋ ಬೇಡದ ಜಾಹೀರಾತೆಂದು ಮೊದಲು ಪಕ್ಕಕ್ಕಿಟ್ಟಿದ್ದರು.

ಆದರೆ ವಂಶವೇ ಪ್ರಮಾಣವಾದರೆ ವಂಶದ ಕಾಗದಗಳೂ ಮಾರುಕಟ್ಟೆಗೆ ಬರುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಫಿಫಾದ ಶಿಸ್ತು ಸಮಿತಿ ಮಲೇಶಿಯಾದ ಫುಟ್‌ಬಾಲ್ ಸಂಸ್ಥೆಗೆ ದಂಡ ಹಾಕಿ, ಏಳು ಆಟಗಾರರನ್ನು 12 ತಿಂಗಳು ಅಮಾನತು ಮಾಡಿತು. ಅವರ ಅಜ್ಜ ಅಜ್ಜಿಯರು ಮಲೇಶಿಯಾದಲ್ಲಿ ಹುಟ್ಟಿದವರೆಂದು ತೋರಿಸಲು ಕೊಟ್ಟ ದಾಖಲೆಗಳು ತಿದ್ದಿದವು ಎಂಬುದು ಸಮಿತಿಯ ತೀರ್ಮಾನ. ಒಮ್ಮೆಯೂ ಕಾಣದ ಅಜ್ಜನ ಜನನ ಪ್ರಮಾಣಪತ್ರ ಒಬ್ಬನನ್ನು ಆ ದೇಶದವನನ್ನಾಗಿ ಮಾಡಬಲ್ಲದೇ ಎಂಬ ಪ್ರಶ್ನೆಗೆ ಈ ವಾದದಲ್ಲಿ ಗಟ್ಟಿ ಉತ್ತರವಿಲ್ಲ.

ಮೂರನೆಯ ವಾದ: ಆಟಗಾರನ ವೃತ್ತಿ, ಆಟಗಾರನ ಲೆಕ್ಕ

ಮೂರನೆಯ ವಾದ ಭಾವನೆಯನ್ನು ಬದಿಗಿಟ್ಟು ಅವಕಾಶವನ್ನು ನೋಡುತ್ತದೆ. ಫುಟ್‌ಬಾಲ್ ಆಟಗಾರನ ವೃತ್ತಿ ಹದಿನೈದು ವರ್ಷದ್ದು. ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ. ಬಲಿಷ್ಠ ತಂಡದಲ್ಲಿ ಜಾಗ ಸಿಗುವವರು ಅಲ್ಲಿ ಉಳಿಯುತ್ತಾರೆ, ಸಿಗದವರು ಇನ್ನೊಂದು ಬಾಗಿಲು ತಟ್ಟುತ್ತಾರೆ. ಬ್ರೆಜಿಲ್‌ನಲ್ಲಿ ಹುಟ್ಟಿದ ಡಿಯೆಗೊ ಕೋಸ್ಟಾ 2013ರ ಮಾರ್ಚ್‌ನಲ್ಲಿ ಬ್ರೆಜಿಲ್ ಪರ ಎರಡು ಸೌಹಾರ್ದ ಪಂದ್ಯ ಆಡಿದ್ದರು. ಅದೇ ವರ್ಷ, ತಾನು ನೆಲೆ ಕಂಡ ಸ್ಪೇನ್ ಪರ ಆಡುವುದಾಗಿ ಹೇಳಿದರು. ಮರುವರ್ಷ ವಿಶ್ವಕಪ್ ನಡೆದದ್ದು ಬ್ರೆಜಿಲ್‌ನಲ್ಲೇ. ಚೆಂಡು ಅವರ ಕಾಲಿಗೆ ಬಂದಾಗಲೆಲ್ಲ ಪ್ರೇಕ್ಷಕರು ಕೂಗಿ ಹಂಗಿಸಿದರು. ವೃತ್ತಿಯ ಲೆಕ್ಕಾಚಾರಕ್ಕೂ ಬೆಲೆ ತೆರಬೇಕಾಗುತ್ತದೆ.

ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೊವಿಚ್ 2005ರಲ್ಲಿ ಬರೆದ ಪ್ರಬಂಧವೊಂದು ಈ ವಾದವನ್ನು ಇಡೀ ವ್ಯವಸ್ಥೆಗೆ ವಿಸ್ತರಿಸುತ್ತದೆ. ಆಟಗಾರರು ಮುಕ್ತವಾಗಿ ಓಡಾಡಲು ಶುರುವಾದ ಮೇಲೆ ಪ್ರತಿಭೆಯೆಲ್ಲ ಶ್ರೀಮಂತ ಕ್ಲಬ್‌ಗಳಲ್ಲಿ ಕೂಡಿಬಿತ್ತು. ಆದರೆ ರಾಷ್ಟ್ರೀಯ ತಂಡದ ನಿಯಮದಿಂದಾಗಿ ಆ ಆಟಗಾರರು ಅಲ್ಲಿ ಕಲಿತದ್ದನ್ನು ತಮ್ಮ ದೇಶಕ್ಕೆ ತಂದು ಕೊಡುತ್ತಾರೆ. ಹಾಗಾಗಿ ದೇಶದೇಶಗಳ ನಡುವಣ ಅಂತರ ಕಡಿಮೆಯಾಗುತ್ತದೆ ಎಂದು ಅವರು ವಾದಿಸಿದರು. ವಲಸಿಗರ ಮಕ್ಕಳು ಹಿರಿಯರ ದೇಶಕ್ಕೆ ಆಡಿದಾಗ ಇದೇ ಮಾತು ಇನ್ನಷ್ಟು ನಿಜವಾಗುತ್ತದೆ. ಶತಮಾನಗಳ ಕಾಲ ದಕ್ಷಿಣದ ಶ್ರಮ ಮತ್ತು ಸಂಪತ್ತು ಉತ್ತರಕ್ಕೆ ಹರಿದಿದೆ. ಅಲ್ಲಿಂದ ಸ್ವಲ್ಪ ಕೌಶಲ ತಿರುಗಿ ಬರುವ ಕೆಲವೇ ದಾರಿಗಳಲ್ಲಿ ಇದೂ ಒಂದು.

ಇನ್ನೊಂದು ತುದಿಯಲ್ಲಿ ಕಾನೂನು ವಿದ್ವಾಂಸೆ ಆಯೆಲೆಟ್ ಶಾಖರ್ ಅವರ ಎಚ್ಚರಿಕೆ ಇದೆ. ಪದಕ ತರಬಲ್ಲವರಿಗೆ ಪಾಸ್‌ಪೋರ್ಟನ್ನು ತಟ್ಟೆಯಲ್ಲಿಟ್ಟು ಕೊಡುವ ಸರ್ಕಾರಗಳು, ಅದೇ ನೆಲದಲ್ಲಿ ದಶಕಗಟ್ಟಲೆ ಬದುಕಿದ ಸಾಮಾನ್ಯ ವಲಸಿಗನನ್ನು ಸರದಿಯಲ್ಲೇ ನಿಲ್ಲಿಸುತ್ತವೆ. ಪ್ರತಿಭೆಗೊಂದು ಪೌರತ್ವ, ಶ್ರಮಕ್ಕೊಂದು ಪೌರತ್ವ ಎಂಬಂತಾದರೆ ಪೌರತ್ವದ ಅರ್ಥವೇ ಕೆಡುತ್ತದೆ. ಬದುಕಿನಲ್ಲಿ ನಿಜವಾಗಿ ಬೆಸೆದುಕೊಂಡ ನಂಟೇ ಪೌರತ್ವಕ್ಕೆ ಆಧಾರವಾಗಬೇಕು ಎಂಬುದು ಅವರ ನಿಲುವು.

ನಾಲ್ಕನೆಯ ವಾದ: ಆದರ ಸಿಕ್ಕ ಕಡೆ ಮನಸ್ಸು

ನಾಲ್ಕನೆಯ ವಾದ, ನನ್ನ ದೃಷ್ಟಿಯಲ್ಲಿ ಹೆಚ್ಚು ಆಳಕ್ಕೆ ಹೋಗುವಂಥದ್ದು, ಆಯ್ಕೆಯ ಹಿಂದಿರುವ ಸಮಾಜವನ್ನು ನೋಡುತ್ತದೆ. ಮೆಸುಟ್ ಓಜಿಲ್ ಕತೆಯನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಜರ್ಮನಿ 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. ಹಾಗೆ ಬಂದ ಕುಟುಂಬವೊಂದರ ಮೂರನೆಯ ತಲೆಮಾರಿನ ಹುಡುಗ ಓಜಿಲ್, 1988ರಲ್ಲಿ ಗೆಲ್ಸೆನ್‌ಕಿರ್ಶನ್ ಎಂಬ ಗಣಿಗಾರಿಕೆಯ ಊರಿನಲ್ಲಿ ಹುಟ್ಟಿದವರು. ಅದೇ ಊರಲ್ಲಿ ಹುಟ್ಟಿದ ಹಮಿತ್ ಅಲ್ಟಿಂಟೊಪ್ ಟರ್ಕಿಯನ್ನು ಆರಿಸಿಕೊಂಡರು. ಓಜಿಲ್ ಟರ್ಕಿಯ ಪೌರತ್ವ ಬಿಟ್ಟುಕೊಟ್ಟು ಜರ್ಮನಿ ಸೇರಿದರು.

2010ರ ಅಕ್ಟೋಬರ್ 8ರಂದು ಬರ್ಲಿನ್‌ನಲ್ಲಿ ಜರ್ಮನಿ ಮತ್ತು ಟರ್ಕಿ ಎದುರಾದವು. ಕ್ರೀಡಾಂಗಣದ ತುಂಬ ಟರ್ಕಿಯ ಅಭಿಮಾನಿಗಳು. ಓಜಿಲ್ ಕಾಲಿಗೆ ಚೆಂಡು ತಗುಲಿದಾಗಲೆಲ್ಲ ಶಿಳ್ಳೆ. ಜರ್ಮನಿಯ ಎರಡನೆಯ ಗೋಲು ಅವರದೇ. ಗೋಲು ಹೊಡೆದು ಅವರು ಸಂಭ್ರಮಿಸಲಿಲ್ಲ. ಪಂದ್ಯದ ನಂತರ ಚಾನ್ಸಲರ್ ಏಂಜೆಲಾ ಮರ್ಕೆಲ್ ಡ್ರೆಸ್ಸಿಂಗ್ ರೂಮಿಗೆ ಹೋಗಿ ಅವರ ಕೈಕುಲುಕಿದರು. ಆ ವರ್ಷ ಸಮಾಜದೊಡನೆ ಬೆರೆಯುವುದಕ್ಕೆ ಮಾದರಿ ಎಂದು ಅವರಿಗೆ ಜರ್ಮನಿಯಲ್ಲಿ ಪ್ರಶಸ್ತಿಯೂ ಬಂತು. 2014ರಲ್ಲಿ ಅವರು ವಿಶ್ವಕಪ್ ಗೆದ್ದರು. 2018ರ ಮೇ ತಿಂಗಳಲ್ಲಿ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಜೊತೆ ಫೋಟೊ ತೆಗೆಸಿಕೊಂಡದ್ದು ವಿವಾದವಾಯಿತು. ಆ ವರ್ಷದ ವಿಶ್ವಕಪ್‌ನಲ್ಲಿ ಜರ್ಮನಿ ಗುಂಪು ಹಂತದಲ್ಲೇ ಸೋತಾಗ ಬೈಗುಳದ ಮಳೆ ಅವರ ಮೇಲೆ ಸುರಿಯಿತು. ಜುಲೈ 22ರಂದು, 92 ಪಂದ್ಯಗಳ ನಂತರ, ಅವರು ತಂಡ ಬಿಟ್ಟರು. ಗೆದ್ದಾಗ ತನ್ನನ್ನು ಜರ್ಮನ್ ಎನ್ನುತ್ತಾರೆ, ಸೋತಾಗ ವಲಸಿಗ ಎನ್ನುತ್ತಾರೆ ಎಂಬ ಅವರ ನೋವಿನ ಮಾತು ಲೋಕದ ಎಲ್ಲ ವಲಸಿಗರ ಮಕ್ಕಳಿಗೂ ತಟ್ಟಿತು. ಬೆಲ್ಜಿಯಂನ ರೊಮೆಲು ಲುಕಾಕು ಕೂಡ ಅದೇ ವರ್ಷ ಹೆಚ್ಚೂಕಡಿಮೆ ಇದನ್ನೇ ಬರೆದಿದ್ದರು: ಚೆನ್ನಾಗಿ ಆಡಿದಾಗ ತಾನು ಬೆಲ್ಜಿಯಂನ ಸ್ಟ್ರೈಕರ್, ಆಡದಿದ್ದಾಗ ಕಾಂಗೊ ಮೂಲದವನು.

ಓಜಿಲ್ ಸರ್ವಾಧಿಕಾರಿ ಪ್ರವೃತ್ತಿಯ ನಾಯಕನೊಡನೆ ನಿಂತದ್ದನ್ನು ಟೀಕಿಸುವ ಹಕ್ಕು ಎಲ್ಲರಿಗಿದೆ. ಆದರೆ ಆ ಟೀಕೆ ಅವರ ಜರ್ಮನ್‌ತನವನ್ನೇ ಪ್ರಶ್ನಿಸುವ ಮಟ್ಟಕ್ಕೆ ಇಳಿದದ್ದು ಅನ್ಯಾಯ. ಇತರ ಆಟಗಾರರಿಗೆ ಹುಟ್ಟಿನಿಂದಲೇ ಖಾತ್ರಿಯಾದ ಸ್ಥಾನ ಇವರಿಗೆ ಪ್ರತಿ ಪಂದ್ಯದಲ್ಲೂ ಹೊಸದಾಗಿ ಗಳಿಸಬೇಕಾದದ್ದಾಗಿತ್ತು. ಇದನ್ನು ಹತ್ತಿರದಿಂದ ನೋಡಿದ ಹದಿನೇಳರ ಹುಡುಗನೊಬ್ಬ ನಾಳೆ ಟರ್ಕಿಯನ್ನು ಆರಿಸಿಕೊಂಡರೆ ಅವನನ್ನು ಕೃತಘ್ನ ಎನ್ನುವ ಅಧಿಕಾರ ಯಾರಿಗಿದೆ?

ಒಂದೇ ಮನೆ, ಎರಡು ತಂಡ

ಈ ನಾಲ್ಕೂ ವಾದಗಳಿಗೆ ಒರೆಗಲ್ಲು ಅಣ್ಣತಮ್ಮಂದಿರ ಉದಾಹರಣೆಗಳು. 2010ರ ವಿಶ್ವಕಪ್‌ನಲ್ಲಿ ಜೆರೋಮ್ ಬೋಟೆಂಗ್ ಜರ್ಮನಿ ಪರ, ಕೆವಿನ್ ಪ್ರಿನ್ಸ್ ಬೋಟೆಂಗ್ ಘಾನಾ ಪರ ಎದುರಾದರು. ವಿಶ್ವಕಪ್‌ನಲ್ಲಿ ಸಹೋದರರು ಎದುರು ಬದುರಾದದ್ದು ಅದೇ ಮೊದಲು. ಇಬ್ಬರಿಗೂ ತಂದೆ ಒಬ್ಬರೇ, ಇಬ್ಬರೂ ಬರ್ಲಿನ್‌ನಲ್ಲಿ ಹುಟ್ಟಿದವರು. 2016ರ ಯೂರೊ ಕಪ್‌ನಲ್ಲಿ ಗ್ರಾನಿಟ್ ಜಾಕಾ ಸ್ವಿಟ್ಜರ್ಲೆಂಡ್ ಪರ, ಅಣ್ಣ ತೌಲಂತ್ ಅಲ್ಬೇನಿಯಾ ಪರ ಆಡಿದರು. ಗ್ಯಾಲರಿಯಲ್ಲಿ ಕೂತ ತಾಯಿ ಎರಡೂ ದೇಶಗಳ ಬಾವುಟವನ್ನು ಅರ್ಧರ್ಧ ಹೊಲಿಸಿದ ಅಂಗಿ ತೊಟ್ಟಿದ್ದರು. ಸಹಾರಾ ದಾಟಿ ಬಂದ ಘಾನಾ ದಂಪತಿಯ ಮಕ್ಕಳಾದ ಇನ್ಯಾಕಿ ಮತ್ತು ನಿಕೊ ವಿಲಿಯಮ್ಸ್ 2022ರ ವಿಶ್ವಕಪ್‌ನಲ್ಲಿ ಕ್ರಮವಾಗಿ ಘಾನಾ ಮತ್ತು ಸ್ಪೇನ್ ತಂಡಗಳಲ್ಲಿದ್ದರು.

ಒಂದೇ ವಂಶ, ಒಂದೇ ನೆಲ ಎರಡು ಬೇರೆ ನಿರ್ಧಾರಗಳನ್ನು ಕೊಡುವುದಾದರೆ, ವಂಶವೋ ನೆಲವೋ ನಿರ್ಧರಿಸುತ್ತದೆ ಎನ್ನುವ ಮೊದಲ ಎರಡು ವಾದಗಳ ಬಲ ಕುಗ್ಗುತ್ತದೆ. ಅವಕಾಶ, ವಯಸ್ಸು, ಸಿಕ್ಕ ಆದರ, ಕರೆ ಬಂದ ಗಳಿಗೆ ಇವೆಲ್ಲ ಕೂಡಿ ನಿರ್ಧಾರವಾಗುತ್ತದೆ. ಜೆರ್ಸಿ ಆರಿಸಿಕೊಂಡ ಮೇಲೂ ಒಳಗಿನ ಇನ್ನೊಂದು ದೇಶ ಉಳಿದೇ ಇರುತ್ತದೆ. 2018ರಲ್ಲಿ ಸರ್ಬಿಯಾ ವಿರುದ್ಧ ಗೋಲು ಹೊಡೆದ ಗ್ರಾನಿಟ್ ಜಾಕಾ ಮತ್ತು ಶೆರ್ದಾನ್ ಶಕೀರಿ, ಮೈಮೇಲೆ ಸ್ವಿಟ್ಜರ್ಲೆಂಡ್ ಜೆರ್ಸಿ ಇರುವಾಗಲೇ, ಕೈಗಳಿಂದ ಅಲ್ಬೇನಿಯಾ ಬಾವುಟದ ಜೋಡಿ ಹದ್ದನ್ನು ತೋರಿಸಿದರು. ಫಿಫಾ ದಂಡ ಹಾಕಿತು.

ಭಾರತದ ಮುಂದಿರುವ ಪ್ರಶ್ನೆ

ಭಾರತದ ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಸಾಗರೋತ್ತರ ಭಾರತೀಯ ಎಂಬ ಒಸಿಐ ಕಾರ್ಡ್ ಇದ್ದರೆ ವೀಸಾ ಇಲ್ಲದೆ ಬರಬಹುದು, ದೇಶದ ಪರ ಆಡುವಂತಿಲ್ಲ. ಭಾರತೀಯ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶವನ್ನು ಪ್ರತಿನಿಧಿಸಬೇಕೆಂದು ಕೇಂದ್ರ ಸರ್ಕಾರ 2008ರಲ್ಲಿ ಖಡಾಖಂಡಿತವಾಗಿ ಹೇಳಿತು. ಹಾಗಾಗಿ ಇಲ್ಲಿ ಆಯ್ಕೆಯ ಬೆಲೆ ಬಹಳ ದೊಡ್ಡದು. ಜಪಾನಿನಲ್ಲಿ ಹುಟ್ಟಿದ, ಭಾರತೀಯ ತಂದೆಯ ಮಗ ಇಜುಮಿ ಅರಾಟಾ ಜಪಾನ್ ಪೌರತ್ವ ಬಿಟ್ಟು 2013ರಲ್ಲಿ ಭಾರತದ ಪರ ಆಡಿದರು. 2025ರಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅದೇ ದಾರಿ ಹಿಡಿದರು. ಅವರು ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ತಾಯಿ ಮುಂಬೈಯ ಆಂಗ್ಲೊ ಇಂಡಿಯನ್ ಕುಟುಂಬದವರು. ಆಸ್ಟ್ರೇಲಿಯಾ ಪೌರತ್ವ ತ್ಯಜಿಸಿದ ಅವರಿಗೆ ಬೆಂಗಳೂರಿನಲ್ಲಿ ಭಾರತದ ಪಾಸ್‌ಪೋರ್ಟ್ ಕೊಟ್ಟವರು ಕ್ಲಬ್ಬಿನ ಜೊತೆಗಾರ ಸುನಿಲ್ ಚೆಟ್ರಿ.

ನೆರೆಯ ಬಾಂಗ್ಲಾದೇಶದ ದಾರಿ ಬೇರೆ. ಇಂಗ್ಲೆಂಡ್‌ನಲ್ಲಿ ಹುಟ್ಟಿ, ಆ ದೇಶದ 21 ವರ್ಷದೊಳಗಿನವರ ತಂಡದಲ್ಲಿ ಆಡಿದ್ದ ಹಮ್ಜಾ ಚೌಧರಿ, ಕೆನಡಾದಲ್ಲಿ ಹುಟ್ಟಿದ ಶಮಿತ್ ಶೋಮ್ ಮೊದಲಾದವರು ಈಗ ಆ ತಂಡದಲ್ಲಿದ್ದಾರೆ. 2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ಭಾರತವನ್ನು 1-0ಯಿಂದ ಸೋಲಿಸಿತು; 22 ವರ್ಷಗಳಲ್ಲಿ ಭಾರತದ ಮೇಲೆ ಅದು ಗಳಿಸಿದ ಮೊದಲ ಗೆಲುವು. ಆದರೆ ಅಂದು ಗೋಲು ಹೊಡೆದದ್ದು ಸ್ಥಳೀಯ ಹುಡುಗ ಶೇಖ್ ಮೊರ್ಸಲಿನ್. ಹೊರನಾಡಿನವರಿಗೆ ಬಾಗಿಲು ತೆರೆಯುವುದೇ ಸರ್ವರೋಗಕ್ಕೆ ಮದ್ದು ಎನ್ನುವವರೂ, ಅದರಿಂದ ನಮ್ಮ ಹುಡುಗರು ಮೂಲೆಗುಂಪಾಗುತ್ತಾರೆ ಎನ್ನುವವರೂ ಈ ಗೋಲನ್ನು ನೆನಪಿಡಬೇಕು. ಹೊರನಾಡು, ಒಳನಾಡು ಎರಡನ್ನೂ ಜೋಡಿಸಿದ ದೇಶಗಳು ಮುಂದೆ ಹೋಗಿವೆ. ಬರೀ ಪಾಸ್‌ಪೋರ್ಟ್ ಹಂಚಿದವು ಮುಗ್ಗರಿಸಿವೆ.

ಇನ್ನೂ ಬಗೆಹರಿಯದ್ದು

ಮೊದಲನೆಯದು, ವಯಸ್ಸಿನ ಪ್ರಶ್ನೆ. ಇಪ್ಪತ್ತೊಂದು ವರ್ಷ ತುಂಬುವ ಮೊದಲು ತೆಗೆದುಕೊಂಡ ನಿರ್ಧಾರ ಇಡೀ ವೃತ್ತಿಯನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕಬೇಕು? 2020ರ ನಿಯಮ ಹಿಂದಿನದಕ್ಕಿಂತ ಮಾನವೀಯ. ಆದರೆ ಮೂರು ಪಂದ್ಯವೇ ಏಕೆ, ನಾಲ್ಕೇಕಲ್ಲ ಎಂಬುದಕ್ಕೆ ತಾರ್ಕಿಕ ಸಮರ್ಥನೆ ಇಲ್ಲ.

ಎರಡನೆಯದು, ತರಬೇತಿಯ ಖರ್ಚು. ಆಟಗಾರ ಕ್ಲಬ್ ಬದಲಿಸಿದಾಗ ಅವನನ್ನು ಬೆಳೆಸಿದ ಕ್ಲಬ್‌ಗೆ ಪರಿಹಾರ ಸಿಗುವ ವ್ಯವಸ್ಥೆ ಫಿಫಾದಲ್ಲಿದೆ. ದೇಶ ಬದಲಿಸಿದಾಗ ಅಂಥದ್ದೇನೂ ಇಲ್ಲ. ಇರಬೇಕೆ? ಇದ್ದರೆ, ಬಡ ದೇಶಗಳು ಅದನ್ನು ಹೇಗೆ ಭರಿಸಬೇಕು?

ಮೂರನೆಯದು, ನಿರಾಶ್ರಿತರು. ಲೈಬೀರಿಯಾದ ಯುದ್ಧಕ್ಕೆ ಹೆದರಿ ಓಡಿಬಂದ ದಂಪತಿಗೆ ಘಾನಾದ ಶಿಬಿರದಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದ ಅಲ್ಫೊನ್ಸೊ ಡೇವಿಸ್ 2022ರಲ್ಲಿ ಕೆನಡಾ ಪುರುಷರ ತಂಡಕ್ಕೆ ವಿಶ್ವಕಪ್‌ನ ಮೊದಲ ಗೋಲು ತಂದುಕೊಟ್ಟರು. ಅಫ್ಘಾನಿಸ್ತಾನದಿಂದ ತಪ್ಪಿಸಿಕೊಂಡು ಬಂದ ನಾದಿಯಾ ನದೀಮ್ 2009ರಲ್ಲಿ ಡೆನ್ಮಾರ್ಕ್ ಮಹಿಳಾ ತಂಡಕ್ಕೆ ಆಡಲು, ವಾಸದ ಅವಧಿಯ ನಿಯಮದಿಂದ ವಿನಾಯಿತಿ ಪಡೆಯಬೇಕಾಯಿತು. ಹಣಕ್ಕಾಗಿ ಪಾಸ್‌ಪೋರ್ಟ್ ಪಡೆಯುವವರನ್ನು ತಡೆಯಲು ಮಾಡಿದ ನಿಯಮ, ಮನೆ ಕಳಕೊಂಡವರನ್ನು ತಡೆಯದಂತೆ ನೋಡಿಕೊಳ್ಳುವ ಖಚಿತ ದಾರಿ ಇನ್ನೂ ಸಿಕ್ಕಿಲ್ಲ.

ನಾಲ್ಕನೆಯದು ನಮ್ಮದು. ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಲ್ಲೂ ನಾಳೆ ಒಬ್ಬ ಆಟಗಾರ, ಒಬ್ಬ ಆಟಗಾರ್ತಿ ಈ ಕವಲಿನಲ್ಲಿ ನಿಲ್ಲಬಹುದು. ಪೂರ್ತಿ ಪೌರತ್ವ ಬಿಟ್ಟು ಬಾ ಎನ್ನುವುದೋ, ಆಟದ ಮಟ್ಟಿಗೆ ಬೇರೊಂದು ವ್ಯವಸ್ಥೆ ಮಾಡುವುದೋ ಎಂಬುದನ್ನು ಸಂಸತ್ತು ಮತ್ತು ಜನರು ಬಹಿರಂಗವಾಗಿ ಚರ್ಚಿಸಬೇಕು. ಕ್ರೀಡಾ ಸಂಸ್ಥೆಗಳ ಕೋಣೆಯೊಳಗೆ ತೀರ್ಮಾನವಾಗುವ ವಿಷಯ ಇದಲ್ಲ.

ನಾಲ್ಕು ವಾದಗಳನ್ನೂ ತೂಗಿ ನೋಡಿದರೆ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ದೇಶಗಳು ಆಟಗಾರನಿಂದ ನಿಷ್ಠೆಯ ಪುರಾವೆ ಕೇಳುವ ಮೊದಲು, ಅವನಿಗೂ ಅವನ ಹೆತ್ತವರಿಗೂ ತಾವು ಕೊಟ್ಟದ್ದೇನು ಎಂಬುದಕ್ಕೆ ಉತ್ತರ ಕೊಡಬೇಕು. ನಿರ್ಧಾರ ಆಟಗಾರನದೇ ಆಗಿರಲಿ. ಅವನು ಯಾವ ಜೆರ್ಸಿ ತೊಟ್ಟರೂ ಎರಡೂ ದೇಶಗಳ ಪ್ರೇಕ್ಷಕರು ಅವನ ಆಟವನ್ನು ಆಟವಾಗಿ ನೋಡಲಿ. ಸೋತ ದಿನ ಅವನ ಹುಟ್ಟನ್ನು ಕೆದಕುವ ಕೆಲಸವನ್ನು ಓದುಗರಾದ ನಾವಂತೂ ಮಾಡದಿರೋಣ.